ವಚನಗಳಲ್ಲಿ ಅಲಂಕಾರ: ಒಡವೆಯೋ, ಒರೆಗಲ್ಲೋ?

ಶಿವಪೂಜೆ ಮುಗಿದ ತರುವಾಯ ಶರಣರ ಒಂದೆರಡು ವಚನಗಳನ್ನು ಪಠಿಸುವ ಪರಿಪಾಠವು ಕನ್ನಡ ನಾಡಿನ ಅನೇಕ ಭಕ್ತರ ಮನೆಗಳಲ್ಲಿ ನಡೆದುಬಂದಿದೆ. ಹಾಗೆ ಪಠಿಸುವಾಗ ಕೆಲವು ಮಾತುಗಳು ಥಟ್ಟನೆ ಮನಸ್ಸಿಗೆ ನಾಟುತ್ತವೆ. ವಿಚಾರಿಸಿ ನೋಡಿದರೆ ಅವು ಬಹುಮಟ್ಟಿಗೆ ಹೋಲಿಕೆಯ ಮಾತುಗಳೇ ಆಗಿರುತ್ತವೆ. ‘ಆಹಾ, ಎಂಥ ಉಪಮೆ!’ ಎಂದು ಕೇಳಿದವರು ತಲೆದೂಗುತ್ತಾರೆ. ಬಳಿಕ ಎದ್ದು ತಮ್ಮ ತಮ್ಮ ಕೆಲಸಕ್ಕೆ ತೆರಳುತ್ತಾರೆ. ತಲೆದೂಗಿದ ಮೇಲೆ ಆ ಉಪಮೆ ಏನಾಯಿತು? ಅದು ಅಂಗಡಿಗೆ, ಹೊಲಕ್ಕೆ, ಮಗ್ಗಕ್ಕೆ ಅವರ ಜೊತೆಯಲ್ಲಿ ಹೋಯಿತೇ, ಪೂಜೆಯ ಕೋಣೆಯಲ್ಲಿಯೇ ಉಳಿಯಿತೇ? ಈ ಪ್ರಶ್ನೆ ಮೇಲ್ನೋಟಕ್ಕೆ ಸಾಹಿತ್ಯದ ಪ್ರಶ್ನೆಯಾಗಿ ತೋರಿದರೂ ನಿಜವಾಗಿ ನಡೆಯ ಪ್ರಶ್ನೆಯಾಗಿದೆ. ಅಲಂಕಾರವು ಒಡವೆಯಾದರೆ ಅದನ್ನು ಹಬ್ಬಕ್ಕೆ ತೊಟ್ಟು ಮರುದಿನ ಪೆಟ್ಟಿಗೆಯಲ್ಲಿ ಇಡಬಹುದು. ಅದು ಒರೆಗಲ್ಲಾದರೆ, ಅದರ ಮೇಲೆ ಉಜ್ಜಿ ನೋಡಬೇಕಾದ ಚಿನ್ನವು ಕೇಳುವವನೇ ಆಗುತ್ತಾನೆ.

ಅಲಂಕಾರದ ವಿಚಾರ ಭಕ್ತನಿಗೇಕೆ ಎಂಬ ಆಕ್ಷೇಪವು ಮೊದಲು ಬರುವುದು ಸಹಜ. ಬಸವಣ್ಣನವರೇ ಒಂದು ವಚನದಲ್ಲಿ ತಮಗೆ ತಾಳಮಾನಗಳ ತಿಳಿವಳಿಕೆ ಇಲ್ಲವೆಂದೂ ಛಂದಶ್ಶಾಸ್ತ್ರದ ಗಣಗಳ ಲೆಕ್ಕ ಬಾರದೆಂದೂ ಹೇಳಿ, ಪ್ರೀತಿ ಬಂದ ಪರಿಯಲ್ಲಿ ಹಾಡಿಕೊಳ್ಳುವುದಾಗಿ ಶಿವನಿಗೆ ಬಿನ್ನವಿಸಿದ್ದಾರೆ. ಆದಿಪುರುಷರೇ ತೊರೆದುದನ್ನು ಮಿಕ್ಕವರು ಹುಡುಕುವುದು ತರವೇ ಎಂದು ಯಾರಾದರೂ ಕೇಳಬಹುದು. ಆದರೆ ಆ ವಚನವನ್ನೇ ನಿಧಾನವಾಗಿ ಪಠಿಸಿ ನೋಡಿರಿ. ಅರಿಯೆನೆಂಬ ಕ್ರಿಯಾಪದವು ಒಂದೊಂದು ಖಂಡದ ಕೊನೆಗೂ ಮರಳಿ ಬಂದು, ಮಾತಿಗೆ ತಾನಾಗಿ ಒಂದು ನಡಿಗೆಯನ್ನು ಕೊಡುತ್ತದೆ. ಲೆಕ್ಕವನ್ನು ಬಿಟ್ಟವರ ಬಾಯಲ್ಲಿ ಲಯವು ಬಿಟ್ಟುಹೋಗಲಿಲ್ಲ. ಅವರು ತೊರೆದದ್ದು ವಿದ್ಯೆಯ ಅಹಂಕಾರವನ್ನು, ನುಡಿಯ ಶಕ್ತಿಯನ್ನಲ್ಲ.

ಎರಡನೆಯ ಆಕ್ಷೇಪವು ಇನ್ನೂ ಹಳೆಯದು. ಕಾವ್ಯವು ಇಲ್ಲದುದನ್ನು ಹೇಳುತ್ತದೆ, ಆದ್ದರಿಂದ ಅದನ್ನು ಬೋಧಿಸಲಾಗದು ಎಂಬ ವಾದವನ್ನು ಹತ್ತನೆಯ ಶತಮಾನದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಎತ್ತಿಕೊಂಡು, ಅಂತಹ ಮಾತು ಅಸತ್ಯವಲ್ಲ, ಅರ್ಥವಾದ, ಅದು ವೇದದಲ್ಲಿಯೂ ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ ಇದೆ ಎಂದು ಸಮಾಧಾನ ಹೇಳಿದ್ದಾನೆ. ಕವಿಗೆ ಈ ಸಮಾಧಾನ ಸಾಕು. ಸತ್ಯವನ್ನೇ ನುಡಿಯಬೇಕೆಂದು ವ್ರತ ಹಿಡಿದ ಶರಣರ ವಿಷಯದಲ್ಲಿ ಇದು ಸಾಲದು. ಅವರು ಹೋಲಿಕೆಯನ್ನು ಏಕೆ ಹಿಡಿದರು? ಹೇಳಬೇಕಾದುದನ್ನು ನೇರವಾಗಿ ಏಕೆ ಹೇಳಲಿಲ್ಲ?

ನೇರವಾಗಿ ಹೇಳುವ ಬಗೆ ಹೇಗಿರುತ್ತದೆಂಬುದನ್ನು ನೋಡಬೇಕಾದರೆ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಬಳಿಗೆ ಹೋಗಬೇಕು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳಿವೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಈ ಬರಹಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಾಯಿತಂದೆಗಳ ಮಾತನ್ನು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಅವುಗಳ ಉಪದೇಶ. ಅಲ್ಲಿ ಉಪಮೆಯಿಲ್ಲ, ರೂಪಕವಿಲ್ಲ. ಮಾತು ಬಂಡೆಯಷ್ಟೇ ನೇರ, ಅಷ್ಟೇ ಗಟ್ಟಿ. ಅದು ದೊರೆಯ ಮಾತು.

ಹನ್ನೊಂದನೆಯ ಶತಮಾನದ ಮಮ್ಮಟನ ‘ಕಾವ್ಯಪ್ರಕಾಶ’ವು ಉಪದೇಶದಲ್ಲಿ ಮೂರು ಬಗೆಗಳನ್ನು ತೋರಿಸುತ್ತದೆ. ಒಡೆಯನಂತೆ ಆಜ್ಞಾಪಿಸುವುದು ಪ್ರಭುಸಮ್ಮಿತ. ಗೆಳೆಯನಂತೆ ತಿಳಿಯಹೇಳುವುದು ಸುಹೃತ್ಸಮ್ಮಿತ. ಕಾಂತೆಯಂತೆ ಮನಸ್ಸನ್ನು ಒಲಿಸಿ ದಾರಿಗೆ ತರುವುದು ಕಾಂತಾಸಮ್ಮಿತ. ಬ್ರಹ್ಮಗಿರಿಯ ಬರಹವು ಮೊದಲನೆಯ ಬಗೆಗೆ ನಿಜವಾದ ಉದಾಹರಣೆ. ವಚನವು ಯಾವ ಬಗೆಯದು? ಕೆಲವೆಡೆ ಶರಣರೂ ಆಜ್ಞೆಯ ಮಾತನ್ನೇ ಆಡಿದ್ದಾರೆ. ಕಳವು, ಕೊಲೆ, ಹುಸಿ ಮುಂತಾದವು ಕೂಡದೆಂದು ಬಸವಣ್ಣನವರು ಒಂದರ ಮೇಲೊಂದರಂತೆ ನಿಷೇಧಿಸುವ ಪ್ರಸಿದ್ಧ ವಚನದಲ್ಲಿ ಒಂದೇ ಒಂದು ಉಪಮೆಯಿಲ್ಲ. ಮಾಡಬಾರದ ಕೆಲಸವನ್ನು ಹೇಳಲು ಆಜ್ಞೆ ಸಾಕು. ಆದರೆ ಮನುಷ್ಯನಿಗೆ ಅವನ ಒಳಗನ್ನು ತೋರಿಸಬೇಕಾದಾಗ ಆಜ್ಞೆ ಸಾಲದು. ತನ್ನ ಮುಖವನ್ನು ತಾನು ನೋಡಿಕೊಳ್ಳಲು ಕನ್ನಡಿ ಬೇಕು. ಅಯ್ಯಾ, ಅಣ್ಣಾ, ಅವ್ವಾ ಎಂದು ಪಕ್ಕದಲ್ಲಿ ಕುಳಿತು ಮಾತನಾಡುವ ಶರಣರು ಹಿಡಿದ ಕನ್ನಡಿಯೇ ಉಪಮೆ.

ಉಪಮೆಯ ಲಕ್ಷಣವನ್ನು ಈಗ ಸಂಕ್ಷೇಪವಾಗಿ ತಿಳಿಯಬೇಕು. ದಂಡಿಯ ‘ಕಾವ್ಯಾದರ್ಶ’ವು ಮೂವತ್ತೈದು ಅರ್ಥಾಲಂಕಾರಗಳನ್ನು ನಿರೂಪಿಸುತ್ತದೆ. ಅದನ್ನು ಬಹುಮಟ್ಟಿಗೆ ಅನುಸರಿಸಿ ಕ್ರಿ. ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ತನ್ನ ಮೂರನೆಯ ಪರಿಚ್ಛೇದವನ್ನು ಅರ್ಥಾಲಂಕಾರಗಳಿಗೇ ಮೀಸಲಿಟ್ಟಿದೆ. ಇಷ್ಟು ಬಗೆಗಳಿದ್ದರೂ ಮೂಲವಾದುದು ಉಪಮೆಯೇ. ಅದಕ್ಕೆ ನಾಲ್ಕು ಅಂಗಗಳು. ಯಾವುದನ್ನು ಕುರಿತು ಹೇಳಬೇಕಾಗಿದೆಯೋ ಅದು ಉಪಮೇಯ. ಯಾವುದಕ್ಕೆ ಹೋಲಿಸಲಾಗಿದೆಯೋ ಅದು ಉಪಮಾನ. ಎರಡರಲ್ಲಿಯೂ ಇರುವ ಸಮಾನ ಗುಣವು ಸಾಧಾರಣ ಧರ್ಮ. ಅಂತೆ, ಹಾಗೆ, ತೆರದಿಂದ ಎಂಬ ಶಬ್ದಗಳು ಉಪಮಾವಾಚಕ. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕಂಡವರಿಗೆ ಇದನ್ನು ತಿಳಿಯುವುದು ಸುಲಭ. ಅಲ್ಲಿ ಅಂಚು ಒಂದು ಬಣ್ಣ, ಒಡಲು ಇನ್ನೊಂದು ಬಣ್ಣ. ಬೇರೆ ಬೇರೆ ಲಾಳಿಗಳಿಂದ ನೆಯ್ದರೂ ಎರಡರ ಎಳೆಗಳನ್ನು ಕೂಡುವ ಜಾಗದಲ್ಲಿ ಒಂದಕ್ಕೊಂದು ಹೆಣೆದಿರುತ್ತಾರೆ. ಉಪಮೇಯವು ಒಡಲು, ಉಪಮಾನವು ಅಂಚು. ಅವೆರಡನ್ನೂ ಹಿಡಿದಿರುವ ಹೆಣಿಗೆಯೇ ಸಾಧಾರಣ ಧರ್ಮ. ನೋಡುವವರ ಕಣ್ಣು ಅಂಚಿನ ಬೆಡಗಿಗೆ ಹೋಗುತ್ತದೆ. ನೇಯುವವನ ಕಣ್ಣು ಹೆಣಿಗೆಯ ಮೇಲಿರುತ್ತದೆ. ವಚನವನ್ನು ಓದುವವರೂ ನೇಕಾರನ ಕಣ್ಣಿನಿಂದ ಓದಬೇಕು.

ರೇಷ್ಮೆಯ ಮಾತು ಬಂದುದರಿಂದ ಅಕ್ಕಮಹಾದೇವಿಯವರ ಒಂದು ವಚನವನ್ನು ಪರಿಶೀಲಿಸಬಹುದು. ರೇಷ್ಮೆಯ ಹುಳುವು ಸ್ನೇಹದಿಂದಲೇ ಮನೆ ಕಟ್ಟಿ, ತನ್ನ ನೂಲಿನಿಂದ ತಾನೇ ಸುತ್ತಲ್ಪಟ್ಟು ಸಾಯುವುದನ್ನು ಅಕ್ಕನವರು ಉಪಮಾನವಾಗಿ ಹಿಡಿದಿದ್ದಾರೆ. ಮನಸ್ಸಿಗೆ ಬಂದುದನ್ನೆಲ್ಲ ಬಯಸಿ ಸಂಕಟಪಡುವ ಜೀವವು ಉಪಮೇಯ. ದುರಾಶೆಯನ್ನು ನಿಲ್ಲಿಸಿ ತನ್ನೆಡೆಗೆ ಸೆಳೆದುಕೊಳ್ಳಬೇಕೆಂದು ಚೆನ್ನಮಲ್ಲಿಕಾರ್ಜುನನಿಗೆ ಮಾಡಿದ ಪ್ರಾರ್ಥನೆಯಿಂದ ವಚನವು ಮುಗಿಯುತ್ತದೆ. ಸಾಧಾರಣ ಧರ್ಮ ಯಾವುದು? ‘ಸಾಯುವುದು’ ಎಂದರೆ ಅದು ಅರ್ಧ ಉತ್ತರ. ಸಾವು ಎಲ್ಲ ಹುಳುಗಳಿಗೂ ಉಂಟು. ಬಲೆಗೆ ಬಿದ್ದ ಹಕ್ಕಿಯನ್ನು ಹೇಳಿದ್ದರೂ ಬಂಧನದ ಅರ್ಥ ಬರುತ್ತಿತ್ತು. ಆದರೆ ಹಕ್ಕಿಯ ಬಲೆಯನ್ನು ಹೆಣೆದವನು ಬೇಡ. ಹುಳುವಿನ ಗೂಡನ್ನು ಹೆಣೆದದ್ದು ಹುಳುವೇ. ಅದೂ ಹಗೆಯಿಂದಲ್ಲ, ಸ್ನೇಹದಿಂದ. ತಾನು ಪ್ರೀತಿಯಿಂದ ಮಾಡಿದುದೇ ತನ್ನನ್ನು ಕಟ್ಟಿಹಾಕುವುದು ಎಂಬುದೇ ಇಲ್ಲಿಯ ಹೆಣಿಗೆ. ಬಯಕೆಯಲ್ಲಿ ಜೀವವು ಪಡುವ ಸಂಕಟಕ್ಕೆ ಅಕ್ಕನವರು ಬಳಸಿದ ಶಬ್ದವು ‘ಬೇಯು’ ಎಂಬ ಧಾತುವಿನದು. ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚುವುದನ್ನು ಕಂಡವರಿಗೆ ಆ ಒಂದು ಶಬ್ದವು ಹುಳುವಿಗೂ ಮನಸ್ಸಿಗೂ ಏಕಕಾಲದಲ್ಲಿ ತಗಲುವುದು ಗೋಚರವಾಗದೆ ಇರದು.

ಈ ಉಪಮೆಯ ಮುಂದೆ ಗೃಹಸ್ಥನು ನಿಂತುಕೊಳ್ಳಲಿ. ಮಗಳ ಮೇಲಿನ ಸ್ನೇಹದಿಂದಲೇ ಅವನು ಮದುವೆಯನ್ನು ಊರು ಮೆಚ್ಚುವಂತೆ ಮಾಡಬೇಕೆಂದು ಹೊರಡುತ್ತಾನೆ. ಸ್ನೇಹದಿಂದಲೇ ಸಾಲದ ಪತ್ರಕ್ಕೆ ಸಹಿ ಹಾಕುತ್ತಾನೆ. ಸ್ನೇಹದಿಂದಲೇ ಹೊಲವನ್ನು ಒತ್ತೆ ಇಡುತ್ತಾನೆ. ಒಂದೊಂದು ಎಳೆಯೂ ಪ್ರೀತಿಯದೇ. ಅದರಲ್ಲಿ ತಪ್ಪು ಹುಡುಕಲು ಬಾರದು. ಆದರೆ ಎಳೆಗಳು ಸುತ್ತಿ ಮುಗಿದಾಗ ಹೊರಗೆ ಬರಲು ದಾರಿಯಿರುವುದಿಲ್ಲ. ಅಂಥವನು ವಚನವನ್ನು ಕೇಳಿ ‘ರೇಷ್ಮೆಯ ಹುಳುವಿನ ಹೋಲಿಕೆ ಬಹು ಸೊಗಸಾಗಿದೆ’ ಎಂದರೆ, ತನ್ನ ಮನೆಗೆ ಬೆಂಕಿ ಬಿದ್ದುದನ್ನು ಕೂಗಿ ಹೇಳಿದವನ ಕಂಠವನ್ನು ಹೊಗಳಿದಂತಾಗುತ್ತದೆ. ಉಪಮೇಯದ ಸ್ಥಾನ ಬರಿದಾಗಿದೆ. ಅಲ್ಲಿ ಬಂದು ನಿಲ್ಲಬೇಕಾದವನು ಕೇಳುವವನು. ಅಕ್ಕನವರು ಆ ಸ್ಥಾನದಲ್ಲಿ ಲೋಕವನ್ನು ನಿಲ್ಲಿಸಿ ತಾವು ದೂರ ನಿಲ್ಲಲಿಲ್ಲ. ತಮ್ಮನ್ನೇ ನಿಲ್ಲಿಸಿಕೊಂಡರು ಎಂಬುದನ್ನು ಮರೆಯಲಾಗದು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಹುಳು ಸತ್ತರೂ ಅದರ ನೂಲಿನಿಂದ ಸೀರೆಯಾಗುತ್ತದೆ, ನೇಕಾರನ ಮನೆಯಲ್ಲಿ ಒಲೆ ಉರಿಯುತ್ತದೆ. ಹಾಗಾದರೆ ಹುಳುವಿನ ಬಾಳು ಪರೋಪಕಾರವೆಂದು ಏಕೆ ಹೇಳಬಾರದು? ಹೇಳಬಹುದು, ಆದರೆ ಅದು ಬೇರೊಂದು ಉಪಮೆಯಾಗುತ್ತದೆ. ಮುಖವು ಚಂದ್ರನಂತಿದೆಯೆಂದಾಗ ಕಾಂತಿಯನ್ನು ತೆಗೆದುಕೊಳ್ಳಬೇಕೇ ಹೊರತು ಕಲಂಕವನ್ನಲ್ಲ. ಹೇಳಿದವರ ಅಭಿಪ್ರಾಯವಿದ್ದಷ್ಟು ದೂರ ಉಪಮೆಯನ್ನು ಹಿಡಿಯಬೇಕು; ಅದಕ್ಕಿಂತ ಹೆಚ್ಚು ಎಳೆದರೆ ಬಟ್ಟೆ ಹರಿಯುತ್ತದೆ. ತನಗೆ ಅನುಕೂಲವಾದ ಕಡೆಗೆ ಉಪಮೆಯನ್ನು ತಿರುಗಿಸಿಕೊಳ್ಳುವುದು ಪಂಡಿತರಲ್ಲಿಯೂ ಕಾಣುವ ದೋಷ. ಅದು ಬುದ್ಧಿಯ ದೋಷಕ್ಕಿಂತ ಮನಸ್ಸಿನ ದೋಷ.

ಉಪಮೆಗಿಂತ ಒಂದು ಹೆಜ್ಜೆ ಮುಂದಿನದು ದೃಷ್ಟಾಂತ. ಇಲ್ಲಿ ‘ಅಂತೆ’ ಎಂಬ ಶಬ್ದವಿರುವುದಿಲ್ಲ. ಎರಡು ಮಾತುಗಳನ್ನು ಬಿಂಬ ಪ್ರತಿಬಿಂಬಗಳ ಹಾಗೆ ಪಕ್ಕಪಕ್ಕದಲ್ಲಿ ಇಡುತ್ತಾರೆ. ಸಂಬಂಧವನ್ನು ಕೇಳುವವನೇ ಕಂಡುಕೊಳ್ಳಬೇಕು. ಎಳ್ಳಿನಲ್ಲಿ ಎಣ್ಣೆ, ಮೊಸರಿನಲ್ಲಿ ತುಪ್ಪ, ಅರಣಿಯಲ್ಲಿ ಅಗ್ನಿ ಇರುವ ಹಾಗೆ ಆತ್ಮದಲ್ಲಿ ಪರವಸ್ತುವಿದೆಯೆಂದು ಶ್ವೇತಾಶ್ವತರೋಪನಿಷತ್ತು ಹೇಳುತ್ತದೆ. ಅಡಗಿರುವ ವಸ್ತುವಿನ ಇಂತಹ ಹೋಲಿಕೆಗಳು ಶರಣರಲ್ಲಿಯೂ ಹೇರಳವಾಗಿವೆ. ‘ಹಾಗೆ’ ಎಂಬುದನ್ನು ಬಿಟ್ಟು, ಎಳ್ಳಿನಲ್ಲಿ ಎಣ್ಣೆಯಿದೆ, ದೇಹದಲ್ಲಿ ದೇವನಿದ್ದಾನೆ ಎಂದು ಎರಡೇ ವಾಕ್ಯಗಳನ್ನು ಇಟ್ಟರೆ ಅದು ದೃಷ್ಟಾಂತವಾಗುತ್ತದೆ. ಶೇಂಗಾ ಎಣ್ಣೆಯ ಮಿಲ್ಲುಗಳಿಂದ ಹೆಸರಾದ ಚಳ್ಳಕೆರೆಯಲ್ಲಿ ಈ ಮಾತನ್ನು ಕೇಳುವವನು ಒಂದು ಪ್ರಶ್ನೆಯನ್ನು ಕೇಳದೆ ಇರಲಾರನು: ಎಣ್ಣೆ ಒಳಗಿದೆ ನಿಜ, ಹೊರಗೆ ಬರುವುದು ಹೇಗೆ? ಬೀಜವನ್ನು ಪೂಜಿಸಿದರೆ ಎಣ್ಣೆ ಬಾರದು. ಅದರ ಎದುರಿಗೆ ಕುಳಿತು ಎಣ್ಣೆಯ ಮಹಿಮೆಯನ್ನು ಕೊಂಡಾಡಿದರೂ ಬಾರದು. ಸಿಪ್ಪೆ ಬಿಡಿಸಬೇಕು, ಗಾಣದಲ್ಲಿ ಅರೆಯಬೇಕು, ಹಿಂಡಿ ಬೇರೆಯಾಗಬೇಕು. ದೇವನು ಒಳಗಿದ್ದಾನೆಂಬ ಮಾತಿನಿಂದ ಸಮಾಧಾನಗೊಂಡು ಮಲಗುವವನಿಗೆ ಗಾಣವನ್ನು ಕಂಡ ಊರಿನ ಅನುಭವವೇ ಎಚ್ಚರ ಹೇಳುತ್ತದೆ.

ಉಪಮಾನದ ಜೀವವು ಕೇಳುವವರ ನೆಲದಲ್ಲಿ ಇರುತ್ತದೆಂಬುದು ಇದರಿಂದ ತಿಳಿಯುವ ತತ್ತ್ವ. ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮದಲ್ಲಿ ಕುಳಿತು ಹೊಳೆಯ ಹೋಲಿಕೆಯನ್ನು ಕೇಳಿದವನಿಗೆ ತುಂಬಿದ ನೀರು ನೆನಪಾಗುತ್ತದೆ. ವೇದಾವತಿಯ ಮರಳನ್ನೇ ಹೆಚ್ಚು ದಿನ ನೋಡುವ ಚಳ್ಳಕೆರೆ ಸೀಮೆಯವನಿಗೆ ಬರದೆ ಹೋದ ನೀರು ನೆನಪಾಗುತ್ತದೆ. ಇಬ್ಬರಿಗೂ ಅರ್ಥವಾಯಿತು, ಆದರೆ ಒಬ್ಬನಿಗೆ ಅದು ಕೃಪೆಯ ತುಂಬು, ಇನ್ನೊಬ್ಬನಿಗೆ ಕೃಪೆಗಾಗಿ ಕಾಯುವ ತಾಳ್ಮೆ. ಎರಡೂ ಭಕ್ತಿಯೇ. ಶರಣರು ಉಪಮಾನಗಳನ್ನು ಅರಮನೆಯ ಉದ್ಯಾನದಿಂದ ತರದೆ ಮಡಿವಾಳನ ಕಲ್ಲು, ಅಂಬಿಗನ ಹುಟ್ಟು, ಒಕ್ಕಲಿಗನ ನೇಗಿಲು, ನೇಕಾರನ ಮಗ್ಗಗಳಿಂದ ತಂದುದಕ್ಕೆ ಕಾರಣವಿದು. ದುಡಿಯುವ ಕೈಗೆ ಗೊತ್ತಿರುವುದನ್ನು ಹಿಡಿದು ಮನಸ್ಸಿಗೆ ಗೊತ್ತಿಲ್ಲದುದನ್ನು ತೋರಿಸಿದರು. ಹೀಗೆ ಕಾಯಕವೇ ಕೈಲಾಸವಾದವರಿಗೆ ಕಾಯಕವೇ ಅಲಂಕಾರಶಾಸ್ತ್ರವೂ ಆಯಿತು.

ಮೂರನೆಯದು ರೂಪಕ. ಉಪಮೆಯಲ್ಲಿ ಎರಡು ವಸ್ತುಗಳು ಬೇರೆಯಾಗಿ ನಿಂತು ಒಂದರಂತೆ ಇನ್ನೊಂದು ಇರುತ್ತದೆ. ರೂಪಕದಲ್ಲಿ ಒಂದೇ ಇನ್ನೊಂದಾಗುತ್ತದೆ. ಉಳ್ಳವರು ಕಲ್ಲಿನ ಗುಡಿ ಕಟ್ಟಿಸುವುದನ್ನು ನೋಡಿ, ಬಡವನಾದ ತಾನು ತನ್ನ ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ವಚನವನ್ನು ಅರಿಯದ ಲಿಂಗಾಯತ ಮನೆಯಿಲ್ಲ. ಕಾಲು, ಒಡಲು, ತಲೆಗಳಿಗೆ ಗುಡಿಯ ಒಂದೊಂದು ಭಾಗವನ್ನು ಹೊಂದಿಸಿರುವುದರಿಂದ ಅದು ಸಾಂಗರೂಪಕ. ನೂಲುವ ಕಾಯಕದ ಕದಿರ ರೆಮ್ಮವ್ವೆಯು ತಾನು ತಿರುಗಿಸುವ ರಾಟೆಯ ಭಾಗಗಳಲ್ಲಿಯೇ ಬ್ರಹ್ಮ, ವಿಷ್ಣು, ರುದ್ರರನ್ನು ಕಾಣಿಸಿದ್ದಾಳೆ. ಇಂದಿಗೂ ಚಳ್ಳಕೆರೆ ಸೀಮೆಯಲ್ಲಿ ಕುರಿಯ ಉಣ್ಣೆಯನ್ನು ನೂತು, ಹಾಸಿಗೆ ಹುಣಸೆ ಬೀಜದ ಸರಿಯನ್ನು ಹಚ್ಚಿ, ಕಂಬಳಿ ನೇಯುವ ಮನೆಗಳಿವೆ. ಆ ಮನೆಯ ಹೆಣ್ಣುಮಗಳಿಗೆ ರೆಮ್ಮವ್ವೆಯ ವಚನವನ್ನು ಓದಿ ಹೇಳಿದರೆ ವ್ಯಾಖ್ಯಾನದ ಅಗತ್ಯವಿರದು.

ಆದರೆ ರೂಪಕದಲ್ಲಿ ಒಂದು ಅಪಾಯವೂ ಇದೆ. ‘ಅಂತೆ’ ಎಂಬ ಶಬ್ದವು ಎರಡು ವಸ್ತುಗಳ ನಡುವೆ ಒಂದು ಅಂತರವನ್ನು ಉಳಿಸಿರುತ್ತದೆ. ಆ ಅಂತರದಲ್ಲಿ ವಿನಯಕ್ಕೆ ಎಡೆಯಿದೆ. ಅದನ್ನು ತೆಗೆದುಹಾಕಿ ‘ನನ್ನ ದೇಹವೇ ದೇಗುಲ’ ಎಂದು ನುಡಿದವನು ಆ ದೇಗುಲವನ್ನು ದೇಗುಲದಂತೆ ಇಟ್ಟುಕೊಂಡಿರಬೇಕು. ಗುಡಿಯೊಳಗೆ ತರಲಾಗದುದನ್ನು ಬಾಯೊಳಗೆ ತರಬಾರದು. ಗುಡಿಯೊಳಗೆ ಆಡಲಾಗದುದನ್ನು ನಾಲಗೆಯಲ್ಲಿ ಆಡಬಾರದು. ಗುಡಿಯ ಬಾಗಿಲಿಗೆ ಬಂದ ಹಸಿದವನನ್ನು ಹಿಂದಕ್ಕೆ ಕಳುಹಿಸಬಾರದು. ಹಾಗೆ ನಡೆಯದವನ ಬಾಯಲ್ಲಿ ಬಸವಣ್ಣನವರ ರೂಪಕವು ರೂಪಕವಾಗಿ ಉಳಿಯದೆ ಸುಳ್ಳಾಗುತ್ತದೆ. ಶಬ್ದಗಳು ಅವೇ, ಬದಲಾದವನು ನುಡಿಯುವವನು. ಕಾವ್ಯವು ಅಸತ್ಯವೆಂಬ ಹಳೆಯ ಆಕ್ಷೇಪಕ್ಕೆ ಶರಣಮಾರ್ಗವು ಕೊಡುವ ಉತ್ತರವಿದು: ಅಸತ್ಯವು ಅಲಂಕಾರದಲ್ಲಿಲ್ಲ, ನುಡಿಗೂ ನಡೆಗೂ ನಡುವಿನ ಅಂತರದಲ್ಲಿದೆ.

ನಾಲ್ಕನೆಯದು ಬೆಡಗು. ಇಲ್ಲಿ ಉಪಮಾನವು ಮಾತ್ರ ಕಾಣುತ್ತದೆ. ಉಪಮೇಯವು ಪೂರ್ತಿಯಾಗಿ ಮರೆಯಾಗಿರುತ್ತದೆ. ಅಲ್ಲಮಪ್ರಭುದೇವರ ಅನೇಕ ವಚನಗಳು ಈ ಬಗೆಯವು. ಇವಕ್ಕೆ ಅನಂತರದ ಕಾಲದ ಅನುಭವಿಗಳು ಟೀಕೆಗಳನ್ನು ಬರೆದರು. ಹಳ್ಳಿಯ ತಾಯಂದಿರು ಮಕ್ಕಳಿಗೆ ಹಾಕುವ ಒಗಟಿನ ಕಟ್ಟು ಇದರದು; ಆದರೆ ಒಗಟಿಗೂ ಬೆಡಗಿಗೂ ವ್ಯತ್ಯಾಸವಿದೆ. ಒಗಟಿಗೆ ಉತ್ತರ ಸಿಕ್ಕಿದ ಕೂಡಲೇ ಆಟ ಮುಗಿಯುತ್ತದೆ. ಬೆಡಗಿಗೆ ಟೀಕೆಯಿಂದ ಉತ್ತರ ಸಿಕ್ಕಿದಾಗ ಕೆಲಸವು ಪ್ರಾರಂಭವಾಗುತ್ತದೆ. ಇರುವೆಯೆಂದರೆ ಇದು, ಆನೆಯೆಂದರೆ ಅದು ಎಂದು ಪಟ್ಟಿ ಮಾಡಿಕೊಂಡವನಿಗೆ ಶಬ್ದಾರ್ಥವಾಯಿತು, ಅನುಭವವಾಗಲಿಲ್ಲ. ಬೀಗದ ಕೈ ದೊರಕಿತೆಂದು ಸಂತೋಷಪಟ್ಟು ಬಾಗಿಲನ್ನು ತೆರೆಯದೆ ಹೊರಗೆ ಕುಳಿತವನ ಹಾಗೆ ಅವನ ಸ್ಥಿತಿ.

ಹೀಗೆ ಉಪಮೆಯಲ್ಲಿ ಎರಡು, ದೃಷ್ಟಾಂತದಲ್ಲಿ ಎದುರುಬದುರಾದ ಎರಡು, ರೂಪಕದಲ್ಲಿ ಕೂಡಿದ ಎರಡು, ಬೆಡಗಿನಲ್ಲಿ ಒಂದರೊಳಗೆ ಅಡಗಿದ ಇನ್ನೊಂದು. ಬೇರೆಯಾಗಿ ನಿಂತ ಅಂಗವು ಲಿಂಗದೊಡನೆ ಸಮರಸಗೊಳ್ಳುವ ದಾರಿಯನ್ನು ಈ ಕ್ರಮವು ನೆನಪಿಗೆ ತರುತ್ತದೆ. ಇದರಿಂದ ಉಪಮೆಯು ಕೀಳು, ಬೆಡಗು ಮೇಲು ಎಂದು ತಿಳಿಯಲಾಗದು. ಬಸವಣ್ಣನವರು ಕೊನೆಯವರೆಗೂ ಭಕ್ತನ ಸರಳ ಉಪಮೆಯನ್ನೇ ಹೆಚ್ಚಾಗಿ ಹಿಡಿದರು. ಮೆಟ್ಟಿಲಿನಲ್ಲಿ ಕೆಳಗಿನದು ಮುರಿದಿದ್ದರೆ ಮೇಲಿನದಕ್ಕೆ ಕಾಲಿಡುವವರಾರು? ಗೃಹಸ್ಥನಿಗೆ ಮೊದಲು ಸಲ್ಲುವುದು ‘ಅಂತೆ’ಯೇ. ಹೂವಿನಂತೆ, ದೀಪದಂತೆ, ತಾಯಿಯಂತೆ ಇರಲು ಪ್ರಯತ್ನಿಸುವುದೇ ಸಾಧನೆ, ಆಗಿಬಿಟ್ಟೆನೆಂದು ಹೇಳಿಕೊಳ್ಳುವುದಲ್ಲ.

ಕನ್ನಡದಲ್ಲಿ ಈ ‘ಅಂತೆ’ಗೆ ಇನ್ನೊಂದು ಅರ್ಥವಿರುವುದು ಗಮನಾರ್ಹ. ‘ಅವನು ಬಂದನಂತೆ, ಹೋದನಂತೆ’ ಎಂದಾಗ ಅದು ಹೋಲಿಕೆಯಲ್ಲ. ಕಣ್ಣಾರೆ ಕಾಣದ, ಬಾಯಿಂದ ಬಾಯಿಗೆ ಬಂದ ಸುದ್ದಿ. ಅಂತೆಕಂತೆ ಎಂದು ಜನರು ಹೀಯಾಳಿಸುವುದು ಇದನ್ನೇ. ಶರಣರ ‘ಅಂತೆ’ ಅವರು ಕಂಡುಂಡ ಸತ್ಯದ ಗುರುತು. ಅದನ್ನು ಬಾಯಿಪಾಠ ಮಾಡಿ, ಸಭೆಗಳಲ್ಲಿ ಆಡಿ, ಮನೆಯಲ್ಲಿ ಮರೆತವನ ಬಾಯಲ್ಲಿ ಅದೇ ಶಬ್ದವು ಎರಡನೆಯ ಅರ್ಥಕ್ಕೆ ಇಳಿಯುತ್ತದೆ: ಶರಣರು ಹೀಗೆ ಹೇಳಿದರಂತೆ, ಹಾಗೆ ಬಾಳಿದರಂತೆ! ಉಪಮೆಯ ‘ಅಂತೆ’ಯನ್ನು ಸುದ್ದಿಯ ‘ಅಂತೆ’ಯಾಗಲು ಬಿಡುವುದೇ ವಚನಕ್ಕೆ ಭಕ್ತನು ಮಾಡುವ ದೊಡ್ಡ ಅಪಚಾರ.

ಶಬ್ದಾಲಂಕಾರದ ವಿಷಯವಾಗಿಯೂ ಎರಡು ಮಾತು ಅವಶ್ಯ. ಪದ್ಯದ ಪಾದಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸವನ್ನಿಡುವುದು ಹಳೆಯ ಕನ್ನಡ ಕವಿಗಳ ನಿಯಮ. ವಚನಕ್ಕೆ ಆ ನಿಯಮವಿಲ್ಲ. ಆದರೂ ಒಂದೇ ಬಗೆಯ ವಾಕ್ಯಗಳು ಸಾಲುಗಟ್ಟಿ ಬಂದು, ಕೊನೆಗೆ ಬೇರೊಂದು ವಾಕ್ಯವು ಅಡ್ಡ ನಿಂತು ಕೇಳುವವನನ್ನು ತಡೆಯುವ ರಚನೆ ಅಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಶರಣರ ಚರಿತೆಗಳನ್ನು ಬರೆಯಲು ಹರಿಹರನು ಸಂಸ್ಕೃತ ವೃತ್ತಗಳ ಬಿಗಿಯನ್ನು ಸಡಿಲಿಸಿ ರಗಳೆಯ ಸರಳ ಓಟವನ್ನು ಆರಿಸಿಕೊಂಡುದಕ್ಕೂ ಇದೇ ಒಲವು ಕಾರಣವಾಗಿರಬಹುದು. ಅವನ ‘ಬಸವರಾಜದೇವರ ರಗಳೆ’ಯನ್ನು ಸಂಪಾದಿಸಿ ಕನ್ನಡಿಗರ ಕೈಗಿತ್ತ ಆಚಾರ್ಯ ತಳುಕಿನ ವೆಂಕಣ್ಣಯ್ಯನವರು (೧೮೮೫–೧೯೩೯) ಚಳ್ಳಕೆರೆ ತಾಲ್ಲೂಕಿನ ತಳುಕಿನವರೆಂಬುದು ಈ ಸೀಮೆಗೆ ಹೆಮ್ಮೆಯ ಸಂಗತಿ.

ವಚನದ ಕೊನೆಯ ಅಂಕಿತವನ್ನು ಕೆಲವರು ಕವಿಯ ಸಹಿಯೆಂದು ತಿಳಿಯುತ್ತಾರೆ. ಕರ್ತೃವನ್ನು ಗುರುತಿಸಲು ಅದು ಸಹಾಯಕವೇನೋ ಹೌದು. ಆದರೆ ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ, ರಾಮನಾಥ ಎಂಬವು ಬಹುಮಟ್ಟಿಗೆ ಶಿವನ ಹೆಸರುಗಳು, ಬರೆದವರ ಹೆಸರುಗಳಲ್ಲ. ಅಲ್ಲಿಯವರೆಗೆ ಕಟ್ಟಿದ ಉಪಮೆ, ಆಡಿದ ಸೊಗಸು, ಪಡೆದ ತಿಳಿವು ಎಲ್ಲವನ್ನೂ ಕೊನೆಯ ಶಬ್ದದಲ್ಲಿ ಒಡೆಯನಿಗೆ ಒಪ್ಪಿಸಿಬಿಡುವುದು ಅದರ ಕೆಲಸ. ಅರ್ಪಿತವಾದ ಅನ್ನವು ಪ್ರಸಾದವಾಗಿ ಮರಳುವ ಹಾಗೆ ಅರ್ಪಿತವಾದ ನುಡಿಯು ವಚನವಾಗಿ ಕೇಳುವವರಿಗೆ ಮರಳುತ್ತದೆ. ಪ್ರಸಾದವನ್ನು ರುಚಿಗಾಗಿ ಸ್ವೀಕರಿಸುವುದುಂಟೇ? ರುಚಿಯಿರುವುದು ನಿಜ, ಆದರೆ ಸ್ವೀಕಾರದ ಉದ್ದೇಶ ಬೇರೆ.

ಮಾತು ಹೇಗಿರಬೇಕೆಂಬುದನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನವು ಈ ಎಲ್ಲ ವಿಚಾರಕ್ಕೂ ಕಲಶಪ್ರಾಯವಾದುದು. ಅಲ್ಲಿ ಮಾತೆಂಬ ಒಂದೇ ಉಪಮೇಯಕ್ಕೆ ಮುತ್ತು, ಮಾಣಿಕ್ಯ, ಸ್ಫಟಿಕಗಳು ಒಂದರ ಹಿಂದೊಂದು ಉಪಮಾನಗಳಾಗಿ ಬರುವುದರಿಂದ ಶಾಸ್ತ್ರಕಾರರು ಅದನ್ನು ಮಾಲೋಪಮೆಯೆನ್ನುವರು. ಮಾಲೆಯು ಮೇಲೇರಿ ಲಿಂಗದ ಮೆಚ್ಚುಗೆಯನ್ನು ಮುಟ್ಟುತ್ತದೆ. ಅಲ್ಲಿಗೆ ಮುಗಿದಿದ್ದರೆ ಅದೊಂದು ಸುಂದರ ಒಡವೆಯಾಗುತ್ತಿತ್ತು. ಆದರೆ ಕೊನೆಯಲ್ಲಿ ಬರುವುದು ಉಪಮೆಯಲ್ಲ, ಪ್ರಶ್ನೆ. ನುಡಿಗೆ ತಕ್ಕ ನಡೆಯಿಲ್ಲದವನನ್ನು ದೇವನು ಒಲಿಯುವನೇ ಎಂಬುದು ಅದರ ತಾತ್ಪರ್ಯ. ಮುತ್ತು ಮಾಣಿಕ್ಯಗಳ ರಾಶಿಯೆಲ್ಲ ಆ ಒಂದು ಪ್ರಶ್ನೆಯ ತಕ್ಕಡಿಯಲ್ಲಿ ತೂಗಲ್ಪಡುತ್ತದೆ. ಅಲಂಕಾರವನ್ನು ಅಷ್ಟು ಸೊಗಸಾಗಿ ಬಲ್ಲವರು ಅಲಂಕಾರದಲ್ಲಿ ನಿಲ್ಲಲಿಲ್ಲ.

ಆದ್ದರಿಂದ ವಚನವನ್ನು ಪಠಿಸುವ ಭಕ್ತರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಬಹುದು. ಇಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸಲಾಗಿದೆ? ಎರಡನ್ನೂ ಕೂಡಿಸುವ ಹೆಣಿಗೆ ಯಾವುದು? ಆ ಉಪಮೇಯದ ಸ್ಥಾನದಲ್ಲಿ ಇಂದು ನಾನೇ ನಿಂತರೆ ಏನು ಕಾಣುತ್ತದೆ? ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ಬುದ್ಧಿ ಬೇಕು. ಮೂರನೆಯದಕ್ಕೆ ಎದೆಗಾರಿಕೆ ಬೇಕು. ಮಕ್ಕಳಿಗೆ ವಚನವನ್ನು ಕಲಿಸುವ ತಾಯಿತಂದೆಗಳು ಮೊದಲಿನೆರಡನ್ನು ಅವರಿಂದ ಕೇಳಿ, ಮೂರನೆಯದನ್ನು ತಮಗೆ ತಾವೇ ಕೇಳಿಕೊಂಡರೆ ಪಾಠವು ಪೂರ್ಣವಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ಗುರು ತಿಪ್ಪೇರುದ್ರಸ್ವಾಮಿಗಳ ಹೆಸರಿನಲ್ಲಿ ವರ್ಷಂಪ್ರತಿ ಜಾತ್ರೆ ನೆರೆಯುತ್ತದೆ. ದುಡಿಮೆ ಎಷ್ಟೋ ನೀಡಿಕೆಯೂ ಅಷ್ಟೇ ಎಂಬ ಅರ್ಥದ ಅವರ ಮಾತನ್ನು ಆ ಸೀಮೆಯ ಜನರು ಇಂದಿಗೂ ಆಡುತ್ತಾರೆ. ಆ ಮಾತಿನಲ್ಲಿ ಉಪಮೆಯಿಲ್ಲ, ರೂಪಕವಿಲ್ಲ, ಬೆಡಗಿಲ್ಲ. ಆದರೆ ಮಳೆ ಕಡಿಮೆಯಾದ ಆ ನಾಡಿನಲ್ಲಿ ಅವರು ಕೆರೆಗಳನ್ನು ಕಟ್ಟಿಸಿದರೆಂದು ಜನರು ಭಕ್ತಿಯಿಂದ ನೆನೆಯುತ್ತಾರೆ. ನುಡಿಗೆ ಅಲಂಕಾರವಾಗಿ ಕೆರೆಯ ನೀರು ನಿಂತಿದೆ. ಶರಣರ ನುಡಿಯಲ್ಲಿ ಉಪಮೆಯಿರಲಿ ಇಲ್ಲದಿರಲಿ, ಅದರ ಉಪಮಾನವು ಕೊನೆಗೆ ಭಕ್ತರ ಬಾಳಿನಲ್ಲಿಯೇ ದೊರೆಯಬೇಕು. ವಚನವನ್ನು ಓದಿದವರು ವಚನದಂತೆ ಬಾಳಿದರೆಂದು ಮುಂದಿನವರು ಹೇಳುವಾಗ, ಆ ‘ಅಂತೆ’ಯು ಬರಿಯ ಸುದ್ದಿಯಾಗದೆ ನಿಜವಾದ ಉಪಮೆಯಾಗಲಿ.